ರಕ್ತ ಕೊಡಲು ಹೋದಾಗ ನರ ಸಿಗುತ್ತಿಲ್ಲವೇ? ತಯಾರಿ ಹಿಂದಿನ ಸಂಜೆಯಿಂದಲೇ ಶುರುವಾಗಲಿ

ರಕ್ತ ತೆಗೆಯುವ ಕುರ್ಚಿಯಲ್ಲಿ ಬಂದು ಕೂತವರನ್ನು ನಾನು ಮೊದಲು ಕೇಳುವುದು, "ಬೆಳಿಗ್ಗೆ ನೀರು ಕುಡಿದಿದ್ದೀರಾ?" ಎಂದು. "ಇಲ್ಲ ಸಿಸ್ಟರ್, ರಾತ್ರಿ ಎಂಟರಿಂದ ಒಂದು ತೊಟ್ಟೂ ಮುಟ್ಟಿಲ್ಲ" ಎಂದು ಬಹಳ ಜನ ಸಮಾಧಾನದಿಂದಲೇ ಹೇಳುತ್ತಾರೆ. ನಿಯಮ ಪಾಲಿಸಿದ್ದೇವೆ ಎಂಬ ಸಮಾಧಾನ ಅದು. ಆದರೆ ಫಾಸ್ಟಿಂಗ್ ಪರೀಕ್ಷೆಗೆ ಬಿಡಬೇಕಾದದ್ದು ಊಟ, ತಿಂಡಿ, ಕಾಫಿ, ಟೀ, ಹಾಲು, ಹಣ್ಣಿನ ರಸ ಮಾತ್ರ. ಬರೀ ನೀರನ್ನು ಬಿಡಬೇಕಿಲ್ಲ, ಕುಡಿಯಲೇಬೇಕು. ಇದನ್ನು ಮೊದಲೇ ಯಾರೂ ಹೇಳದ ಕಾರಣ ಎಷ್ಟೋ ಜನ ಎರಡು ಮೂರು ಸಲ ಚುಚ್ಚಿಸಿಕೊಂಡು, ಮೊಣಕೈ ನೀಲಿಗಟ್ಟಿಸಿಕೊಂಡು ಮನೆಗೆ ಹೋಗುತ್ತಾರೆ. ಆ ನೋವು ತಪ್ಪಿಸಬಹುದು ಎಂಬುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಪುಸ್ತಕದ ಪ್ರಕಾರ ನರ ಎಂದರೆ ಮಿದುಳಿನ ಸಂದೇಶ ಹೊತ್ತೊಯ್ಯುವ ತಂತು. ರಕ್ತ ತೆಗೆಯುವುದು ಅಭಿಧಮನಿಯಿಂದ, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸು ತರುವ ನಾಳದಿಂದ. ಆದರೆ ಆಸ್ಪತ್ರೆಯಲ್ಲಿ "ಅಭಿಧಮನಿ ಸಿಗುತ್ತಿಲ್ಲ" ಎಂದು ಹೇಳುವವರನ್ನು ನಾನು ಕಂಡಿಲ್ಲ. ನಾವೂ ನರ ಎನ್ನುತ್ತೇವೆ, ಬಂದವರೂ ನರ ಎನ್ನುತ್ತಾರೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ನೀರು ಕಡಿಮೆಯಾದರೆ ನರ ಯಾಕೆ ಅಡಗುತ್ತದೆ

ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಭಾಗ ಪ್ಲಾಸ್ಮಾ ಎಂಬ ತಿಳಿಹಳದಿ ದ್ರವ, ಆ ಪ್ಲಾಸ್ಮಾದಲ್ಲಿ ಶೇ. 90ಕ್ಕೂ ಹೆಚ್ಚು ಬರೀ ನೀರು. ಸುಮ್ಮನೆ ಕೂತಿರುವಾಗ ಒಟ್ಟು ರಕ್ತದ ಸುಮಾರು ಮೂರರಲ್ಲಿ ಎರಡು ಪಾಲು ಇದೇ ಅಭಿಧಮನಿಗಳಲ್ಲಿ ನಿಂತಿರುತ್ತದೆ. ದೇಹಕ್ಕೆ ಅವು ಒಂದು ರೀತಿಯ ಕೆರೆ. ಕೆರೆಯಲ್ಲಿ ನೀರಿಳಿದರೆ ಮೊದಲು ಗೊತ್ತಾಗುವುದು ಅಂಚಿನಲ್ಲಿ. ನಮ್ಮ ಕೈಕಾಲಿನ ನರಗಳೇ ಆ ಅಂಚು.

ಹೃದಯದಿಂದ ಹೊರಡುವ ಧಮನಿಯ ಗೋಡೆ ದಪ್ಪ, ರಕ್ತ ಕಡಿಮೆಯಾದರೂ ಆಕಾರ ಬಿಡುವುದಿಲ್ಲ. ಅಭಿಧಮನಿಯ ಗೋಡೆ ತೆಳು. ಹೊಲಕ್ಕೆ ನೀರು ಹಾಯಿಸುವ, ಸುರುಳಿ ಸುತ್ತಿಡುವ ಪ್ಲಾಸ್ಟಿಕ್ ಪೈಪನ್ನು ನೋಡಿದ್ದೀರಲ್ಲ? ಮೋಟಾರು ಹಾಕಿದರೆ ಗುಂಡಗೆ ಎದ್ದು ನಿಲ್ಲುತ್ತದೆ, ನಿಲ್ಲಿಸಿದರೆ ಚಪ್ಪಟೆಯಾಗಿ ಮಣ್ಣಿಗೆ ಅಂಟಿಕೊಳ್ಳುತ್ತದೆ. ನರವೂ ಅಷ್ಟೇ. ಒಳಗಿನ ರಕ್ತವೇ ಅದನ್ನು ಗುಂಡಗೆ ಹಿಡಿದಿರುತ್ತದೆ. ಚಪ್ಪಟೆ ಪೈಪಿಗೆ ಸೂಜಿ ಹಾಕಿದರೆ ಈ ಕಡೆಯ ಗೋಡೆಯ ಜೊತೆ ಆ ಕಡೆಯ ಗೋಡೆಯೂ ತೂತಾಗುತ್ತದೆ. ಆಗ ರಕ್ತ ಸಿರಿಂಜಿಗೆ ಬರುವ ಬದಲು ಚರ್ಮದಡಿ ಸೋರಿ ನೀಲಿಗಟ್ಟುತ್ತದೆ.

ಬರಿದಾಗುವುದರ ಜೊತೆಗೆ ಇನ್ನೊಂದು ಸಂಗತಿಯೂ ನಡೆಯುತ್ತದೆ. ನೀರು ಸಾಲದು ಎಂದು ತಿಳಿದ ಕೂಡಲೇ ದೇಹ ಇರುವ ರಕ್ತವನ್ನು ಹೃದಯ, ಮಿದುಳುಗಳಿಗೆ ಕಾದಿಡುತ್ತದೆ. ಅದಕ್ಕಾಗಿ ಚರ್ಮದ ಕಡೆಯ ನಾಳಗಳನ್ನು ಬಿಗಿಯುತ್ತದೆ. ಹಾಗಾಗಿ ನರ ಬರಿದೂ ಹೌದು, ಬಿಗಿದದ್ದೂ ಹೌದು. ಚಳಿಯೂ ಭಯವೂ ಇದೇ ಕೆಲಸ ಮಾಡುತ್ತವೆ. ಡಿಸೆಂಬರಿನ ಬೆಳಗಿನಲ್ಲಿ ಬೆಂಗಳೂರಿನಲ್ಲಿ ಬೈಕಿನಲ್ಲಿ ಬಂದು, ಎಸಿ ಕೋಣೆಯಲ್ಲಿ ಹೆದರಿ ಕೂತವರಿಗೆ ನೀರು ಸಾಕಷ್ಟಿದ್ದರೂ ನರ ಕಾಣಿಸದೆ ಹೋಗಬಹುದು.

ಕಾಣುವ ನರ ಬೇರೆ, ಸಿಗುವ ನರ ಬೇರೆ

ತೆಳ್ಳಗಿನವರಿಗೆ, ದೈಹಿಕ ದುಡಿಮೆ ಮಾಡುವವರಿಗೆ ನರ ಹಗ್ಗದಂತೆ ಎದ್ದು ಕಾಣುತ್ತದೆ. ಚರ್ಮದಡಿಯ ಕೊಬ್ಬು ಕಡಿಮೆ ಎಂಬುದೇ ಅದಕ್ಕೆ ಮುಖ್ಯ ಕಾರಣ. ವಯಸ್ಸಾದವರಿಗೂ ಚರ್ಮ ತೆಳುವಾಗಿ ನರ ಕಾಣುತ್ತದೆ, ಆದರೆ ಸೂಜಿ ತಾಗಿದೊಡನೆ ಪಕ್ಕಕ್ಕೆ ಜಾರುತ್ತದೆ. ಮೈ ತುಂಬಿಕೊಂಡವರಿಗೆ ಏನೂ ಕಾಣದಿದ್ದರೂ ಬೆರಳಿಟ್ಟರೆ ಒಳಗೆ ಸ್ಪಂಜಿನಂತೆ ಒತ್ತಿ ಏಳುವ ಒಳ್ಳೆಯ ನರ ಇರುತ್ತದೆ. ನಾವು ಹುಡುಕುವುದು ಈ ಒತ್ತಿ ಏಳುವ ಗುಣವನ್ನು, ಬಣ್ಣವನ್ನಲ್ಲ. ನೀರು ಕಡಿಮೆಯಾದಾಗ ಮೊದಲು ಹೋಗುವುದೂ ಆ ಗುಣವೇ. ಆದ್ದರಿಂದ "ನನ್ನ ನರ ಚೆನ್ನಾಗಿ ಕಾಣ್ತವೆ, ನೀರು ಬೇಕಾಗಿಲ್ಲ" ಎಂಬ ಲೆಕ್ಕ ಹಿಡಿಯಬೇಡಿ.

ಜಿಮ್ಮಿಗೆ ಹೋಗುವ ಹುಡುಗರಿಗೂ ಇದನ್ನೇ ಹೇಳಬೇಕು. ಸ್ಪರ್ಧೆಗೋ ಫೋಟೋಗೋ ನರ ಉಬ್ಬಿ ಕಾಣಲಿ ಎಂದು ಒಂದೆರಡು ದಿನ ನೀರು ಬಿಡುವವರಿದ್ದಾರೆ, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರೂ ಇದ್ದಾರೆ. ನೀರು ಬಿಟ್ಟರೆ ಪ್ಲಾಸ್ಮಾ ಇಳಿಯುತ್ತದೆ, ಸ್ನಾಯುವೂ ನರವೂ ಸೊರಗುತ್ತವೆ. ಉಬ್ಬಿಸುವುದು ಕಡಿಮೆ ಕೊಬ್ಬು ಮತ್ತು ಆಗಷ್ಟೇ ಮಾಡಿದ ವ್ಯಾಯಾಮ. ಆ ಮಾತ್ರೆಗಳು ಪೊಟ್ಯಾಸಿಯಂ ಏರುಪೇರು ಮಾಡಿ ಹೃದಯದ ಬಡಿತವನ್ನೇ ಕೆಡಿಸಬಲ್ಲವು. ದಯವಿಟ್ಟು ಮಾಡಬೇಡಿ.

ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ

ಒಂದು ಕೈಯನ್ನು ತಲೆಗಿಂತ ಮೇಲೆ ಎತ್ತಿ ಹಿಡಿಯಿರಿ. ಅಂಗೈ ಹಿಂಭಾಗದ ನರಗಳು ಬರಿದಾಗಿ ಮಾಯವಾಗುತ್ತವೆ. ಈಗ ಕೈಯನ್ನು ತೊಡೆಯ ಪಕ್ಕಕ್ಕೆ ಇಳಿಬಿಡಿ. ಸಾಮಾನ್ಯವಾಗಿ 3ರಿಂದ 5 ಸೆಕೆಂಡಿನಲ್ಲಿ ನರ ಮತ್ತೆ ತುಂಬಿ ಏಳುತ್ತದೆ. ಅದಕ್ಕಿಂತ ಬಹಳ ತಡವಾದರೆ ಮೈಯಲ್ಲಿ ನೀರು ಕಡಿಮೆ ಇರಬಹುದು. ಕೈ ತಣ್ಣಗಿದ್ದರೂ ತಡವಾಗುತ್ತದೆ, ಹಾಗಾಗಿ ಕೈ ಬೆಚ್ಚಗಿರುವಾಗ ನೋಡಿ.

ಇದೊಂದನ್ನೇ ನಂಬಬೇಡಿ. ಮೂತ್ರದ ಬಣ್ಣ ಇದಕ್ಕಿಂತ ಒಳ್ಳೆಯ ಸಾಕ್ಷಿ. ತಿಳಿಹಳದಿ ಇದ್ದರೆ ಸರಿ, ಗಾಢ ಹಳದಿಯಾಗಿ ಸ್ವಲ್ಪವೇ ಹೋಗುತ್ತಿದ್ದರೆ ನೀರು ಸಾಲದು. ಬಿ ಕಾಂಪ್ಲೆಕ್ಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಮಾತ್ರ ಈ ಬಣ್ಣದ ಲೆಕ್ಕ ತಪ್ಪುತ್ತದೆ, ಅವರ ಮೂತ್ರ ಹೇಗೂ ಹಳದಿಯೇ. ಬಾಯಿ ಒಣಗುವುದು, ಎದ್ದು ನಿಂತರೆ ತಲೆ ಸುತ್ತುವುದು ಕೂಡ ಗುರುತುಗಳು. ಚರ್ಮ ಚಿವುಟಿ ನೋಡುವ ಪರೀಕ್ಷೆ ಅಜ್ಜ ಅಜ್ಜಿಯರಿಗೆ ಹೊಂದುವುದಿಲ್ಲ. ವಯಸ್ಸಿನಿಂದಲೇ ಚರ್ಮ ಸಡಿಲವಾಗಿರುತ್ತದೆ. ಜೊತೆಗೆ ಬಾಯಾರಿಕೆಯ ಅರಿವೂ ವಯಸ್ಸಾದಂತೆ ಮಂದವಾಗುತ್ತದೆ. "ದಾಹ ಇಲ್ಲ" ಎಂದ ಮಾತ್ರಕ್ಕೆ ನೀರು ಬೇಡ ಎಂದಲ್ಲ, ಅವರಿಗೆ ಲೋಟ ಕೈಗೆ ಕೊಟ್ಟೇ ಕುಡಿಸಬೇಕು.

ಹಿಂದಿನ ಸಂಜೆ

1. ನಿಮ್ಮ ಪರೀಕ್ಷೆಗೆ ಎಷ್ಟು ಹೊತ್ತು ಉಪವಾಸ ಎಂದು ಲ್ಯಾಬಿನವರನ್ನು ಕೇಳಿ. ಸಾಮಾನ್ಯವಾಗಿ 8ರಿಂದ 12 ಗಂಟೆ ಹೇಳುತ್ತಾರೆ. ಆಗಲೇ "ಬರೀ ನೀರು ಕುಡಿಯಬಹುದಲ್ಲ?" ಎಂದೂ ಕೇಳಿಬಿಡಿ.

2. ಸಂಜೆಯಿಂದ ಮಲಗುವವರೆಗೆ ಎರಡು ಮೂರು ಲೋಟ ನೀರು ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ. ಒಂದೇ ಸಲ ಒಂದು ಚೊಂಬು ಗಟಗಟ ಇಳಿಸಿದರೆ ಮೂತ್ರಪಿಂಡ ಅದರಲ್ಲಿ ಬಹುಪಾಲನ್ನು ಹೊರಹಾಕುತ್ತದೆ. ಊಟಕ್ಕೆ ಸಾರು, ಮಜ್ಜಿಗೆ ಇದ್ದರೆ ಒಳ್ಳೆಯದು, ಉಪ್ಪು ಸ್ವಲ್ಪವಿದ್ದರೆ ನೀರು ಮೈಯಲ್ಲಿ ನಿಲ್ಲುತ್ತದೆ. ಬಿಪಿ ಇರುವವರು ಇದಕ್ಕೆಂದು ಹೆಚ್ಚು ಉಪ್ಪು ತಿನ್ನುವುದು ಬೇಡ.

3. ಆ ರಾತ್ರಿ ಮದ್ಯ ಬೇಡ. ಅದು ಮೂತ್ರ ಹೆಚ್ಚಿಸಿ ಮೈಯ ನೀರನ್ನು ಕಳೆಯಿಸುತ್ತದೆ, ಕೆಲವು ಪರೀಕ್ಷೆಗಳ ಅಂಕಿಯನ್ನೂ ಕೆಡಿಸುತ್ತದೆ.

ಬಸ್ಸಿನಲ್ಲಿ ಬರುವವರ ವಿಷಯ ಇಲ್ಲಿ ಹೇಳಲೇಬೇಕು. ದೂರದ ಊರಿನಿಂದ ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ನೇರ ಆಸ್ಪತ್ರೆಗೆ ಬರುವ ಹೆಣ್ಣುಮಕ್ಕಳ ಕೈಯಲ್ಲಿ ನನಗೆ ನರ ಸಿಗುವುದೇ ಕಷ್ಟ. ಒಮ್ಮೆ ರಾಯಚೂರು ಕಡೆಯ ಒಬ್ಬ ಅಜ್ಜಿಗೆ ನಾನು ಎರಡು ಸಲ ಚುಚ್ಚಿ ಸೋತು, ಮೂರನೆಯ ಸಲಕ್ಕೆ ಇನ್ನೊಬ್ಬರನ್ನು ಕರೆಯುವ ಮುನ್ನ, ನೀರು ಯಾಕೆ ಕುಡಿಯಲಿಲ್ಲ ಅಜ್ಜಿ ಎಂದು ಕೇಳಿದೆ. "ಬಸ್ಸಿನ್ಯಾಗ ನೀರ್ ಕುಡದ್ರ ನಡುರಾತ್ರಿ ಎಲ್ಲಿ ಇಳೀಲವ್ವಾ?" ಎಂದರು. ಉತ್ತರ ಕೊಡಲು ನನ್ನ ಹತ್ತಿರ ಮಾತಿರಲಿಲ್ಲ. ಅವರು ಹಿಂದಿನ ದಿನ ಮಧ್ಯಾಹ್ನದಿಂದಲೇ ಕುಡಿದಿರಲಿಲ್ಲ. ಹೆಣ್ಣುಮಕ್ಕಳು ಭಯವಿಲ್ಲದೆ ಇಳಿಯಬಹುದಾದ ಶೌಚಾಲಯ ದಾರಿಯಲ್ಲಿ ಇಲ್ಲದಿರುವುದಕ್ಕೂ ಮರುದಿನ ಆ ಕೈಗೆ ಬೀಳುವ ಚುಚ್ಚುಗಳಿಗೂ ನೇರ ಸಂಬಂಧವಿದೆ.

ಹಾಗೆ ಬರುವವರಿಗೆ ನನ್ನ ಸಲಹೆ ಇಷ್ಟು. ಹೊರಡುವ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಚೆನ್ನಾಗಿ ಕುಡಿಯಿರಿ, ಬಸ್ಸು ಹತ್ತುವ ಎರಡು ಗಂಟೆ ಮುಂಚೆ ನಿಲ್ಲಿಸಿ. ಬಸ್ಸಿನಲ್ಲಿ ಗುಟುಕು ಗುಟುಕಾಗಿ ಬಾಯಿ ತೇವ ಮಾಡಿಕೊಳ್ಳಿ. ಇಳಿದ ಕೂಡಲೇ ನಿಲ್ದಾಣದ ಶೌಚಾಲಯ ಮುಗಿಸಿ ಅರ್ಧ ಲೀಟರ್ ನೀರು ಕುಡಿಯಿರಿ. ಇಳಿದವರೇ ನೇರ ರಕ್ತ ಕೊಡಲು ಓಡದೆ ಒಂದು ಗಂಟೆ ಕಳೆದು ಹೋಗಿ. ಸರದಿ ಚೀಟಿ ಮೊದಲೇ ತೆಗೆದುಕೊಂಡು, ನೀರು ಕುಡಿದು ಕಾಯುವುದು ಒಳ್ಳೆಯ ಉಪಾಯ.

ರಂಜಾನ್ ಉಪವಾಸ, ನೀರೂ ಮುಟ್ಟದ ಏಕಾದಶಿ ಇದ್ದಾಗ, ತುರ್ತಲ್ಲದ ಪರೀಕ್ಷೆಯನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ. ಸಾಮಾನ್ಯವಾಗಿ ಒಪ್ಪುತ್ತಾರೆ.

ಆ ಬೆಳಿಗ್ಗೆ

4. ಎದ್ದ ಕೂಡಲೇ ಒಂದು ಲೋಟ, ಹೊರಡುವ ಮುಂಚೆ ಇನ್ನೊಂದು ಲೋಟ. ಒಟ್ಟು 400ರಿಂದ 500 ಮಿಲಿ ಸಾಕು. ಬರಿಹೊಟ್ಟೆಯಲ್ಲಿ ಕುಡಿದ ನೀರು ಕೆಲವೇ ನಿಮಿಷಗಳಲ್ಲಿ ರಕ್ತಕ್ಕೆ ಸೇರಲು ಶುರುವಾಗುತ್ತದೆ, ಪೂರ್ತಿ ಸೇರಲು ಒಂದೆರಡು ಗಂಟೆ ಹಿಡಿಯುತ್ತದೆ. ಹಾಗಾಗಿ ಲ್ಯಾಬಿನ ಬಾಗಿಲಲ್ಲಿ ಬಾಟಲಿ ಎತ್ತುವುದಕ್ಕಿಂತ ಒಂದು ಗಂಟೆ ಮುಂಚೆ ಕುಡಿಯುವುದು ಮೇಲು.

5. ಫಾಸ್ಟಿಂಗ್ ಇದ್ದರೆ ನೀರಿಗೆ ನಿಂಬೆಹಣ್ಣು, ಜೇನು, ಬೆಲ್ಲ ಬೆರೆಸಬೇಡಿ. ಎಳನೀರು, ಮಜ್ಜಿಗೆ, ಓಆರ್‌ಎಸ್ ಕೂಡ ಬೇಡ. ಎಳನೀರಿನಲ್ಲೂ ಸಕ್ಕರೆ ಇದೆ, ಶುಗರ್ ಏರುತ್ತದೆ. ಇವೆಲ್ಲ ಫಾಸ್ಟಿಂಗ್ ಅಲ್ಲದ ಪರೀಕ್ಷೆಗೆ, ರಕ್ತದಾನಕ್ಕೆ ಸೊಗಸಾಗಿ ಆಗುತ್ತವೆ.

6. ಬೀಡಿ ಸಿಗರೇಟು ಮುಟ್ಟಬೇಡಿ. ನಿಕೋಟಿನ್ ನಾಳಗಳನ್ನು ಬಿಗಿಯುತ್ತದೆ, ಕುಡಿದ ನೀರಿನ ಅರ್ಧ ಲಾಭ ಅಲ್ಲಿಗೇ ಹೋಗುತ್ತದೆ.

7. ಬೆಚ್ಚಗೆ ಬನ್ನಿ. ಸ್ವೆಟರ್ ಹಾಕಿಕೊಳ್ಳಿ, ಅದರ ತೋಳು ಮೊಣಕೈ ಮೇಲಕ್ಕೆ ಸುಲಭವಾಗಿ ಏರುವಂತಿರಲಿ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದರೂ ಮೈ ಸ್ವಲ್ಪ ಕಾಯುತ್ತದೆ.

ನೀರು ಕುಡಿಯದೆ ಬಂದರೆ ತೊಂದರೆ ಸೂಜಿಯ ನೋವಿಗೇ ಮುಗಿಯುವುದಿಲ್ಲ. ನೀರು ಕಡಿಮೆಯಾದ ರಕ್ತ ಗಟ್ಟಿಯಾಗಿರುತ್ತದೆ. ಹಿಮೋಗ್ಲೋಬಿನ್, ಯೂರಿಯಾ, ಆಲ್ಬುಮಿನ್ ಇದ್ದದ್ದಕ್ಕಿಂತ ಹೆಚ್ಚು ಎಂದು ರಿಪೋರ್ಟಿನಲ್ಲಿ ಬರಬಹುದು. ಸ್ವಲ್ಪ ರಕ್ತಹೀನತೆ ಇರುವವರಿಗೆ ಹಿಮೋಗ್ಲೋಬಿನ್ ಸರಿಯಾಗಿದೆ ಎಂಬ ಸುಳ್ಳು ನೆಮ್ಮದಿ ಸಿಗಬಹುದು.

ಕುರ್ಚಿಯಲ್ಲಿ ಕೂತ ಮೇಲೆ

8. ಸರದಿಗೆ ಕಾಯುವಾಗ ಕೈಯನ್ನು ಮಡಚಿ ಎದೆಗೆ ಇಟ್ಟುಕೊಳ್ಳದೆ ಕೆಳಕ್ಕೆ ಇಳಿಬಿಡಿ. ರಕ್ತ ಕೆಳಗಿಳಿದು ನರ ತುಂಬುತ್ತದೆ. ದುಡ್ಡಿಲ್ಲದ, ನೋವಿಲ್ಲದ ಉಪಾಯ ಇದು.

9. ಕೈ ತಣ್ಣಗಿದ್ದರೆ ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಐದು ಹತ್ತು ನಿಮಿಷ ಸುತ್ತಿಕೊಳ್ಳಿ. ಬೆಚ್ಚಗೆ ಎಂದೆ, ಬಿಸಿ ಎನ್ನಲಿಲ್ಲ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದವರಿಗೆ ಸುಟ್ಟದ್ದೇ ತಿಳಿಯುವುದಿಲ್ಲ, ಅವರ ಬಟ್ಟೆಯನ್ನು ಬೇರೆಯವರು ಮುಟ್ಟಿ ನೋಡಿಯೇ ಸುತ್ತಬೇಕು.

10. ರಬ್ಬರ್ ಪಟ್ಟಿ ಕಟ್ಟಿದ ಮೇಲೆ ಮುಷ್ಟಿ ಒಮ್ಮೆ ಮಡಚಿ ಹಿಡಿಯಿರಿ. ಪಂಪು ಹೊಡೆದಂತೆ ತೆರೆದು ಮುಚ್ಚಿ ಮಾಡಬೇಡಿ, ಪೊಟ್ಯಾಸಿಯಂ ಅಂಕಿ ಸುಳ್ಳಾಗಿ ಏರುತ್ತದೆ. ಪಟ್ಟಿಯೂ ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿರಬಾರದು. ಹುಡುಕುವುದು ತಡವಾದರೆ ಒಮ್ಮೆ ಸಡಿಲಿಸಿ ಮತ್ತೆ ಕಟ್ಟಲು ನೀವೇ ಕೇಳಬಹುದು, ತಪ್ಪೇನಿಲ್ಲ. ನರದ ಮೇಲೆ ಪಟಪಟ ಹೊಡೆಯುವ ಅಭ್ಯಾಸ ಕೆಲವರಿಗಿದೆ, ಅದರಿಂದ ನೋವು ಹೆಚ್ಚು. ಬೆರಳಿನಿಂದ ಮೆಲ್ಲಗೆ ಸವರಿದರೆ ಸಾಕು.

11. ಹಿಂದೆ ಕಷ್ಟವಾಗಿದ್ದರೆ ಮೊದಲೇ ಹೇಳಿ. ಮೊಣಕೈ ಒಳಮಡಿಕೆಯ ನಡುವಿನ ನರವನ್ನು ನಾವು ಮೊದಲು ನೋಡುತ್ತೇವೆ. ಅದು ದೊಡ್ಡದು, ಜಾರುವುದು ಕಡಿಮೆ. ಅದಾಗದಿದ್ದರೆ ಹೆಬ್ಬೆರಳಿನ ಬದಿಯದು, ಕೊನೆಗೆ ಕಿರುಬೆರಳಿನ ಬದಿಯದು ಅಥವಾ ಅಂಗೈ ಹಿಂಭಾಗ. ಸಣ್ಣ ನರಕ್ಕೆ ರೆಕ್ಕೆಯಿರುವ ಬಟರ್‌ಫ್ಲೈ ಸೂಜಿ ಇರುತ್ತದೆ. ಎರಡು ಸಲ ಪ್ರಯತ್ನಿಸಿ ಆಗದಿದ್ದರೆ ಬೇರೆಯವರನ್ನು ಕರೆಯುವುದು ಒಳ್ಳೆಯ ಪದ್ಧತಿ. ನೀವು ಹಾಗೆ ಕೇಳಿದರೆ ಅದು ಅವಮಾನವಲ್ಲ, ನಮಗೂ ಸಮಾಧಾನವೇ.

12. ಹೆದರಿಕೆಯಾದರೆ, ಹಿಂದೆ ತಲೆ ಸುತ್ತಿ ಬಿದ್ದಿದ್ದರೆ, ಮಲಗಿಕೊಂಡು ಕೊಡುತ್ತೇನೆ ಎನ್ನಿ.

ರಕ್ತದಾನಕ್ಕೆ ಹೋಗುವವರು ಇನ್ನೂ ಸ್ವಲ್ಪ ಎಚ್ಚರ ವಹಿಸಬೇಕು. ಅಲ್ಲಿ ತೆಗೆಯುವುದು 350 ಅಥವಾ 450 ಮಿಲಿ, ಸೂಜಿಯೂ ದಪ್ಪ. ಉಪವಾಸ ಬೇಕಿಲ್ಲ, ತಿಂಡಿ ತಿಂದೇ ಹೋಗಿ, ಹೋಗುವ ಮುಂಚೆ ಅರ್ಧ ಲೀಟರ್ ನೀರು ಕುಡಿಯಿರಿ. ನರ ಸಿಗುವುದಷ್ಟೇ ಅಲ್ಲ, ಕೊಟ್ಟು ಎದ್ದಾಗ ಕಣ್ಣು ಕತ್ತಲೆ ಬರುವುದೂ ಕಡಿಮೆಯಾಗುತ್ತದೆ.

ವಾಂತಿ ಭೇದಿ, ಡೆಂಗಿ ಇದ್ದಾಗ

ಇಲ್ಲಿ ನರ ಅಡಗುವುದು ಬರೀ ತೊಂದರೆಯಲ್ಲ, ಅಪಾಯದ ಗುರುತು. 1832ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಕಾಲರಾ ಬಂದು ನೀರೆಲ್ಲ ಕಳೆದುಕೊಂಡ ರೋಗಿಗಳಿಗೆ ಥಾಮಸ್ ಲಾಟಾ ಎಂಬ ವೈದ್ಯರು ಉಪ್ಪುನೀರನ್ನು ನೇರ ನರಕ್ಕೆ ಹಾಯಿಸಿದರು. ಅವರು ಕೊಳವೆ ಇಟ್ಟದ್ದು ತೋಳಿನ ಬೆಸಿಲಿಕ್ ನರಕ್ಕೆ, ಮೇಲೆ ಹೇಳಿದ ಕಿರುಬೆರಳಿನ ಬದಿಯದಕ್ಕೆ. ಇಂದು ಆಸ್ಪತ್ರೆಯಲ್ಲಿ ಏರಿಸುವ ಬಾಟಲಿಯ ಮೂಲ ಅಲ್ಲಿದೆ. ಆದರೆ ಬಾಟಲಿ ಅತ್ಯಂತ ಅಗತ್ಯವಿರುವ ಹೊತ್ತಿಗೇ ನರ ಸಿಗುವುದು ಅತ್ಯಂತ ಕಷ್ಟ. ಸೊರಗಿದ ಮಗುವಿನ ಪುಟ್ಟ ಕೈಯಲ್ಲಿ ನರ ಹುಡುಕುವುದಕ್ಕಿಂತ ಭಾರವಾದ ಕೆಲಸ ನನ್ನ ಪಾಲಿಗೆ ಇಲ್ಲ. ಕೆಲವೊಮ್ಮೆ ಕಾಲಿನ ಮೂಳೆಗೇ ಸೂಜಿ ಹಾಕಿ ದ್ರವ ಕೊಡಬೇಕಾಗುತ್ತದೆ.

ಅಲ್ಲಿಗೆ ಮುಟ್ಟದಿರಲು ಮೊದಲ ಭೇದಿಗೇ ಓಆರ್‌ಎಸ್ ಶುರುಮಾಡಿ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬಂಗಾಂವ್‌ನಲ್ಲಿ ಬಾಟಲಿಗಳು ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನೋಬಿಸ್ ಬಾಯಿಯ ಮೂಲಕವೇ ಈ ನೀರು ಕುಡಿಸಿ ಅಸಂಖ್ಯ ಜೀವ ಉಳಿಸಿದರು. ದೊಡ್ಡ ಪೊಟ್ಟಣಕ್ಕೆ 1 ಲೀಟರ್ ಕಾಯಿಸಿ ಆರಿಸಿದ ನೀರು. ಸಣ್ಣ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟೇ ನೀರು. ಪೊಟ್ಟಣ ಸಿಗದಿದ್ದರೆ 1 ಲೀಟರಿಗೆ 6 ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಮತ್ತೆ ಕುಡಿಸಿ. ಮಗು ಮಂಕಾಗಿ ಮಲಗಿದರೆ, ಕಣ್ಣು ಗುಳಿಬಿದ್ದರೆ, ಆರು ಗಂಟೆಯಿಂದ ಮೂತ್ರ ಹೋಗದಿದ್ದರೆ, ಏನು ಕುಡಿಸಿದರೂ ನಿಲ್ಲದಿದ್ದರೆ ಮನೆಯಲ್ಲಿ ಕಾಯಬೇಡಿ.

ಡೆಂಗಿಯಲ್ಲಿ ಪ್ಲೇಟ್‌ಲೆಟ್ ನೋಡಲು ಮತ್ತೆ ಮತ್ತೆ ರಕ್ತ ತೆಗೆಯುತ್ತಾರೆ. ಎರಡು ಚುಚ್ಚಿನ ನಡುವೆ ಡಾಕ್ಟರು ಹೇಳಿದಷ್ಟು ದ್ರವ ತಪ್ಪದೆ ಕುಡಿಯುವುದು ರೋಗಕ್ಕೂ ನರಕ್ಕೂ ಬೇಕಾದದ್ದು.

ಇವರು ಮಾತ್ರ ತಾವೇ ನಿರ್ಧರಿಸಬಾರದು

ಹೃದಯದ ದುರ್ಬಲತೆ, ಮೂತ್ರಪಿಂಡದ ಕಾಯಿಲೆ, ಯಕೃತ್ತಿನ ತೊಂದರೆಯಿಂದ ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ದಿನಕ್ಕೆ ಇಷ್ಟೇ ನೀರು ಎಂಬ ಮಿತಿ ಇರುತ್ತದೆ. ನರ ಸಿಗಲಿ ಎಂದು ಆ ಮಿತಿ ಮೀರಬೇಡಿ. ಕೈ ಬೆಚ್ಚಗಿಡುವುದು, ಇಳಿಬಿಡುವುದು ನಿಮಗೆ ಸಾಕು. ಮೂತ್ರಪಿಂಡದ ಕಾಯಿಲೆಯವರು "ಅಂಗೈ ಹಿಂಭಾಗದಿಂದ ತೆಗೆಯಿರಿ" ಎಂದು ಕೇಳಬೇಕು, ಮುಂದೆ ಡಯಾಲಿಸಿಸ್‌ಗೆ ತೋಳಿನ ನರಗಳು ಬೇಕಾಗಬಹುದು. ಫಿಸ್ಟುಲಾ ಮಾಡಿದ, ಅಂದರೆ ಡಯಾಲಿಸಿಸ್ಸಿಗೆಂದು ಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸಿದ ಕೈಯಿಂದ ರಕ್ತ ತೆಗೆಸಲೇಬಾರದು. ಸ್ತನದ ಆಪರೇಷನ್‌ನಲ್ಲಿ ಕಂಕುಳಿನ ಗಂಟುಗಳನ್ನು ತೆಗೆದಿದ್ದರೆ ಆ ಕಡೆಯ ಕೈಯನ್ನೂ ಬಿಡುವುದು ವಾಡಿಕೆ. ಇನ್ನು ಆಪರೇಷನ್ ಅಥವಾ ಎಂಡೋಸ್ಕೋಪಿಯ ದಿನ ನೀರಿನ ಸಮಯ ಅರಿವಳಿಕೆಯವರು ಹೇಳಿದ್ದೇ ಕೊನೆ. ಅಲ್ಲಿ ಈ ಲೇಖನದ ಯಾವ ಮಾತೂ ಅನ್ವಯಿಸುವುದಿಲ್ಲ.

ಮುಗಿದ ಮೇಲೆ

ಹತ್ತಿ ಇಟ್ಟು ಕೈಯನ್ನು ಮಡಚಬೇಡಿ, ನೇರವಾಗಿ ಚಾಚಿ ಇನ್ನೊಂದು ಕೈಯ ಬೆರಳಿನಿಂದ ಒತ್ತಿ ಹಿಡಿಯಿರಿ. ಎರಡು ಮೂರು ನಿಮಿಷ, ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಐದು ನಿಮಿಷಕ್ಕಿಂತ ಹೆಚ್ಚು. ನಡುವೆ ಎತ್ತಿ ಎತ್ತಿ ನೋಡಿದರೆ ರಕ್ತ ಒಳಗೇ ಸೋರಿ ನೀಲಿಯಾಗುತ್ತದೆ. ಆಮೇಲೆ ನೀರು ಕುಡಿದು, ತಿಂಡಿ ತಿನ್ನಿ.

ಇನ್ನೊಂದು ಸಣ್ಣ ಕೆಲಸ. ಯಾವ ಕೈಯ ಯಾವ ಜಾಗದಲ್ಲಿ ಒಂದೇ ಸಲಕ್ಕೆ ರಕ್ತ ಬಂತು ಎಂದು ಸಿಸ್ಟರನ್ನು ಕೇಳಿ, ನಿಮ್ಮ ಫೈಲಿನ ಮೇಲೆ ಪೆನ್ನಿನಲ್ಲಿ ಬರೆಸಿಕೊಳ್ಳಿ. ರಾಯಚೂರಿನ ಆ ಅಜ್ಜಿಯ ಫೈಲಿನ ಮೇಲೆ ನಾನು ಬರೆದದ್ದು ಹೀಗೆ: "ಎಡಗೈ, ಹೆಬ್ಬೆರಳ ಬದಿ. ಎರಡು ಲೋಟ ನೀರು ಕುಡಿಸಿ, ಒಂದು ಗಂಟೆ ಕೂರಿಸಿ."